ಮಿಗ್-21 ಕಾಕ್‌ಪಿಟ್ ಒಳಗೆ ಬಿಳಿ ಪೊರೆ: ಪೇಂಟಾ, ಅಂಟಾ, ಮಳೆಯಾ?

ಪೊನ್ನಂಪೇಟೆ ಮಿಗ್:
ಎಲ್ಲರಿಗೂ ನಮಸ್ಕಾರ. 1/48 ಅಳತೆಯ ಮಿಗ್-21 ಬಿಸ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ಕಟ್ಟುತ್ತಿದ್ದೇನೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21ಗೆ ವಿದಾಯ ಹೇಳಿದ್ದನ್ನು ನೋಡಿದ ಮೇಲೆ, ಅಟ್ಟದಲ್ಲಿದ್ದ ಹಳೇ ಕಿಟ್ ಕೆಳಗಿಳಿಸಿದೆ. ಕಿಟ್‌ನ ಕಾಕ್‌ಪಿಟ್ ತೀರಾ ಸಪ್ಪೆ. ಕಾಕ್‌ಪಿಟ್‌ನ ತಳ-ಗೋಡೆ ಸೇರಿದ ಒಂದು ತೊಟ್ಟಿ, ಒಂದು ಕುರ್ಚಿ, ಪ್ಯಾನೆಲ್ ಮೇಲೆ ಅಂಟಿಸಲು ಒಂದು ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ), ಅಷ್ಟೇ. ಅದನ್ನು ಪಕ್ಕಕ್ಕಿಟ್ಟು ಎಲ್ಲವನ್ನೂ ಕೈಯಲ್ಲೇ ಮಾಡಿದೆ. ತೊಟ್ಟಿಗೆ 0.5 ಮಿ.ಮೀ. ಪ್ಲಾಸ್ಟಿಕ್ ಶೀಟ್, ಸ್ವಿಚ್‌ಗಳಿಗೆ ಹಳೇ ಇಯರ್‌ಫೋನ್ ವೈರಿನೊಳಗಿನ ತಾಮ್ರದ ಎಳೆ, ಲಿವರ್‌ಗಳಿಗೆ ದೀಪಕ್ಕೆ ಹಿಡಿದು ಎಳೆದ ಸ್ಪ್ರೂ (ಕಿಟ್‌ನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿ). ಬಣ್ಣ ರಷ್ಯನ್ನರ ಆ ನೀಲಿ-ಹಸಿರು.

ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಹೊಡೆದು ಒಣಗಿಸಿದಾಗ ಎಲ್ಲ ಚೆನ್ನಾಗೇ ಇತ್ತು. ಆಮೇಲೆ ಎರಡು ಮೂರು ಲಿವರ್ ಕಳಚಿ ಬಂದವು, ಸೂಪರ್ ಗ್ಲೂ ಹಾಕಿ ಕೂರಿಸಿದೆ. ಧೂಳು ಬೀಳದಿರಲಿ ಅಂತ ವಿಮಾನದ ಎರಡು ಹೋಳನ್ನೂ ಟೇಪ್‌ನಲ್ಲಿ ಹಿಡಿಸಿ, ಮೇಲೆ ಕ್ಯಾನೊಪಿ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಕಪ್ಪು ಪ್ಯಾನೆಲ್ ಪೂರ್ತಿ ಬೂದು ಬಳಿದ ಹಾಗಿದೆ. ಡಯಲ್‌ಗಳ ಮುಳ್ಳು ಕಾಣುತ್ತಿಲ್ಲ.

ಇನ್ನೊಂದು ತೊಂದರೆ. ನನ್ನ ತೊಟ್ಟಿ ಒಳಗಿಟ್ಟರೆ ಎರಡು ಹೋಳು ಪೂರ್ತಿ ಮುಚ್ಚುತ್ತಿಲ್ಲ. ಬೆನ್ನಿನ ಕಡೆ ಉಗುರು ತೂರುವಷ್ಟು ಸಂದಿ. ದಯವಿಟ್ಟು ದಾರಿ ತೋರಿಸಿ.

ಸೋಮವಾರಪೇಟೆ ಬ್ರಷ್:
ವಾರ್ನಿಷ್ ಕೈಕೊಟ್ಟಿದೆ ಸರ್. ಈ ಮಳೆಯಲ್ಲಿ ಸ್ಪ್ರೇ ಕ್ಯಾನ್ ಮುಟ್ಟಲೇಬಾರದು. ಅದರ ಥಿನ್ನರ್ ಬೇಗ ಆವಿಯಾಗುತ್ತೆ, ಆಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯಲ್ಲಿರೋ ನೀರು ಹಸಿ ಪೇಂಟ್ ಮೇಲೆ ಕೂತು ಬೆಳ್ಳಗಾಗುತ್ತೆ. ನಮ್ಮ ಮನೆಯಲ್ಲಿ ಈಗ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು. ಸ್ವಲ್ಪ ಥಿನ್ನರ್ ಹನಿ ಹನಿಯಾಗಿ ಸ್ಪ್ರೇ ಮಾಡಿ ನೋಡಿ, ಹೋಗುತ್ತೆ.

ಹಳೇ ಕಿಟ್:
ಥಿನ್ನರ್ ಹೊಡೆಯುವ ಮುಂಚೆ ಸ್ವಲ್ಪ ತಡೆಯಿರಿ. ಸ್ಪ್ರೇ ಒಣಗಿದಾಗ ಚೆನ್ನಾಗಿತ್ತು ಅಂದಿದ್ದಾರೆ. ವಾರ್ನಿಷ್ ಬೆಳ್ಳಗಾಗುವುದಿದ್ದರೆ ಒಣಗುವಾಗಲೇ ಆಗುತ್ತೆ, ರಾತ್ರಿ ಕಳೆದ ಮೇಲಲ್ಲ. ಮೂರು ವಿಷಯ ಹೇಳಿ. ಬಿಳಿ ಕ್ಯಾನೊಪಿ ಒಳಗೂ ಇದೆಯಾ? ಹೇರ್ ಡ್ರೈಯರ್‌ನಲ್ಲಿ ದೂರದಿಂದ ಬೆಚ್ಚಗೆ ಮಾಡಿದರೆ ಹೋಗುತ್ತಾ? ಲಿವರ್ ಅಂಟಿಸಿದ ಜಾಗದ ಸುತ್ತ ದಟ್ಟವಾಗಿದೆಯಾ, ಅಥವಾ ಎಲ್ಲ ಕಡೆ ಒಂದೇ ಥರ ಇದೆಯಾ?

ಪೊನ್ನಂಪೇಟೆ ಮಿಗ್:
ಕ್ಯಾನೊಪಿ ಒಳಗೂ ಇದೆ ಅಣ್ಣ. ಬೆಚ್ಚಗೆ ಮಾಡಿದೆ, ಹೋಗಲಿಲ್ಲ. ಲಿವರ್‌ಗಳ ಬುಡದಲ್ಲಿ ಜಾಸ್ತಿ, ಹಿಂದಿನ ಗೋಡೆಯಲ್ಲಿ ಕಮ್ಮಿ. ಒಂದು ವಿಚಿತ್ರ ಅಂದ್ರೆ ಕ್ಯಾನೊಪಿ ಒಳಗೆ ಎಡಗಡೆ ನನ್ನ ಹೆಬ್ಬೆರಳ ಗುರುತು ಗೆರೆ ಗೆರೆಯಾಗಿ, ಬಿಳಿಯಾಗಿ ಮೂಡಿದೆ. ಆಧಾರ್‌ಗೆ ಒತ್ತಿದಾಗಲೂ ಅಷ್ಟು ಸ್ಪಷ್ಟವಾಗಿ ಬಂದಿರಲಿಲ್ಲ!

ಹಳೇ ಕಿಟ್:
ಹಾಗಾದರೆ ಇದು ಸೂಪರ್ ಗ್ಲೂ ಹೊಗೆ. ಆ ಹೆಬ್ಬೆರಳೇ ಸಾಕ್ಷಿ. ಪೊಲೀಸರು ಬೆರಳಚ್ಚು ಎತ್ತಲು ಇದೇ ಉಪಾಯ ಮಾಡುತ್ತಾರೆ. ವಸ್ತುವನ್ನು ಒಂದು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಸೂಪರ್ ಗ್ಲೂ ಆವಿ ಬಿಡುತ್ತಾರೆ, ಬೆರಳಿನ ಬೆವರು ಮತ್ತು ಜಿಡ್ಡು ಇರುವ ಕಡೆ ಅದು ಗಟ್ಟಿಯಾಗಿ ಬೆಳ್ಳಗೆ ಕೂರುತ್ತೆ. ನೀವು ಕ್ಯಾನೊಪಿ ಮುಚ್ಚಿ ಟೇಪ್ ಹಾಕಿದಿರಿ, ಪೆಟ್ಟಿಗೆ ರೆಡಿ ಆಯ್ತು.

ಸೂಪರ್ ಗ್ಲೂ ಗಟ್ಟಿಯಾಗುವುದು ಒಣಗಿ ಅಲ್ಲ, ತೇವ ತಗುಲಿ. ಗಟ್ಟಿಯಾಗದೆ ಉಳಿದ ಅಂಟು ಆವಿಯಾಗಿ ಮೇಲೇಳುತ್ತೆ, ಗಾಳಿಯ ತೇವ ಸಿಕ್ಕಿದ ಕೂಡಲೇ ಪುಡಿಯಾಗಿ ಸುತ್ತಮುತ್ತ ಬೀಳುತ್ತೆ. ಅಂಟು ಜಾಸ್ತಿ, ಗಾಳಿ ಒದ್ದೆ, ಜಾಗ ಮುಚ್ಚಿದ್ದು. ಕೊಡಗಿನ ಜುಲೈನಲ್ಲಿ ಈ ಮೂರಕ್ಕೂ ಬರ ಇಲ್ಲ. ಬರೀ ತೇವ ಆಗಿದ್ದರೆ ಹೇರ್ ಡ್ರೈಯರ್‌ಗೇ ಹೋಗುತ್ತಿತ್ತು. ವಾರ್ನಿಷ್ ಆಗಿದ್ದರೆ ನೀವು ಸ್ಪ್ರೇ ಮಾಡದ ಕ್ಯಾನೊಪಿಗೆ ಹೇಗೆ ಬರುತ್ತೆ?

ಈಗ ಪರಿಹಾರ. ಮೊದಲು ಮುಚ್ಚಿದ್ದನ್ನೆಲ್ಲ ಬಿಚ್ಚಿ ಗಾಳಿಗಿಡಿ. ನೇಲ್ ಪಾಲಿಶ್ ರಿಮೂವರ್ ಹತ್ತಿರ ತರಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಈ ಪುಡಿ ಕರಗುತ್ತೆ ನಿಜ, ಜೊತೆಗೆ ಪಾಲಿಸ್ಟೈರೀನ್ ಕೂಡ ಕರಗುತ್ತೆ. ಪ್ಯಾನೆಲ್ ಮೇಲಿನ ಪೊರೆ ತೆಳುವಾಗಿದ್ದರೆ ಮೃದುವಾದ ಬ್ರಷ್‌ನಿಂದ ಉದುರುವಷ್ಟು ಉದುರಿಸಿ, ಮೇಲೆ ಇನ್ನೊಂದು ಕೋಟ್ ವಾರ್ನಿಷ್ ಕೈಯಲ್ಲೇ ಬಳಿಯಿರಿ, ಸ್ಪ್ರೇ ಬೇಡ. ಪುಡಿಯ ಸಂದಿಗೆ ವಾರ್ನಿಷ್ ಇಳಿದ ಕೂಡಲೇ ಬಿಳುಪು ಮಾಯವಾಗುತ್ತೆ. ಕೆಲವರು ಒಂದು ತೊಟ್ಟು ಅಡುಗೆ ಎಣ್ಣೆ ಸವರುತ್ತಾರೆ, ಅದರಿಂದಲೂ ಬಿಳುಪು ಹೋಗುತ್ತೆ. ನನಗೆ ಅದು ಇಷ್ಟ ಇಲ್ಲ. ಎಣ್ಣೆ ಕೂತ ಜಾಗಕ್ಕೆ ಆಮೇಲೆ ಯಾವ ಪೇಂಟೂ ಹಿಡಿಯಲ್ಲ. ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಡಯಲ್‌ಗಳಿಗೆ ಮಾತ್ರ ಕೊನೆಯಲ್ಲಿ ಒಂದೊಂದು ಹನಿ ಗ್ಲಾಸ್ (ಹೊಳಪಿನ) ವಾರ್ನಿಷ್ ಬಿಡಿ, ಗಾಜು ಇದ್ದ ಹಾಗೆ ಕಾಣುತ್ತೆ.

ಕ್ಯಾನೊಪಿಗೆ ತಾಳ್ಮೆ ಬೇಕು. 2000 ನಂಬರಿನ ವಾಟರ್ ಪೇಪರ್ ನೀರಲ್ಲಿ ಅದ್ದಿ ಒಳಗಿನಿಂದ ಹಗುರವಾಗಿ ತಿಕ್ಕಿ, ಪೂರ್ತಿ ಮಸುಕಾಗುತ್ತೆ, ಗಾಬರಿ ಬೇಡ. ಆಮೇಲೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಹಳೇ ಪಂಚೆ ತುಂಡಿನಲ್ಲಿ ಉಜ್ಜುತ್ತಾ ಹೋಗಿ. ಬೆರಳು ಒಳಗೆ ಹೋಗದ ಮೂಲೆಗೆ ಇಯರ್ ಬಡ್. ಹೊಳಪು ಬಂದ ಮೇಲೆ ತೊಳೆದು, ಆಕ್ರಿಲಿಕ್ ಗ್ಲಾಸ್ ವಾರ್ನಿಷ್‌ನಲ್ಲಿ ಅದ್ದಿ ತೆಗೆದು, ಅಂಚು ಟಿಶ್ಯೂಗೆ ತಾಗಿಸಿ ಉಳಿದ ಹನಿ ಇಳಿಸಿ, ಒಂದು ಡಬ್ಬಿ ಮುಚ್ಚಿ ಒಣಗಲು ಬಿಡಿ. ಗೀರು ತುಂಬಿಕೊಂಡು ಮತ್ತೆ ಪಾರದರ್ಶಕ ಆಗುತ್ತೆ.

ಮುಂದೆ ಕ್ಯಾನೊಪಿ ಸುತ್ತಮುತ್ತ ಫೆವಿಕಾಲ್ ಸಾಕು. ಲಿವರ್‌ಗಳಿಗೂ ಅದೇ ಸಾಕು, ಆಟ ಆಡುವ ವಿಮಾನ ಅಲ್ವಲ್ಲ. ಬಲ ಬೇಕಾದ ಕಡೆ ಅರಾಲ್ಡೈಟ್.

ಕುಶಾಲನಗರ 72:
ಹೊಗೆ ವಿಷಯ ಅಣ್ಣ ಹೇಳಿದ್ದಾರೆ, ನಾನು ಸಂದಿ ಬಗ್ಗೆ ಹೇಳ್ತೀನಿ. ನಿಮ್ಮ ತೊಟ್ಟಿ ದೊಡ್ಡದಾಗಿಲ್ಲ, ಕಿಟ್‌ನ ಗೋಡೆ ದಪ್ಪ. ಲೆಕ್ಕ ಹಾಕಿ ನೋಡಿ. ಗೋಡೆ 1.5 ಮಿ.ಮೀ. ಇದ್ದರೆ 1/48ರಲ್ಲಿ ಅದು 72 ಮಿ.ಮೀ. ಆಯ್ತು. ನಿಜವಾದ ಜೆಟ್‌ನ ತಗಡು ಎಲ್ಲಿ, ಇದೆಲ್ಲಿ! ಅದರ ಒಳಗೆ ನಿಮ್ಮ ಶೀಟ್ ಎರಡು ಕಡೆ ಸೇರಿ ಇನ್ನೊಂದು ಮಿ.ಮೀ., ಮೇಲೆ ಪೇಂಟ್. ಆ ಸಂದಿ ಬರದೇ ಇನ್ನೇನಾಗುತ್ತೆ?

ತೊಟ್ಟಿ ಮುಟ್ಟಬೇಡಿ. ಗೋಡೆಯನ್ನು ಒಳಗಿನಿಂದ ಕೆರೆಯಿರಿ. ಬಾಗಿದ ಬ್ಲೇಡ್‌ನಿಂದ ಉದ್ದಕ್ಕೆ ಹೆರೆದು, ಆಮೇಲೆ ಪೆನ್ಸಿಲ್‌ಗೆ ಸುತ್ತಿದ ಉಪ್ಪುಕಾಗದದಿಂದ ತಿಕ್ಕಿ. ಆಗಾಗ ಬಲ್ಬಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ ತೆಳುವಾದ ಕಡೆ ಬೆಳಕು ಮಸುಕಾಗಿ ಈಚೆ ಬರುತ್ತೆ. ಎರಡೂ ಕಡೆ ಒಂದೇ ಮಟ್ಟಕ್ಕೆ ಬೆಳಕು ಕಂಡರೆ ಅಲ್ಲಿಗೆ ನಿಲ್ಲಿಸಿ, ಇನ್ನೂ ಕೆರೆದರೆ ಟೇಪ್ ಹಾಕಿ ಒತ್ತುವಾಗ ಗೋಡೆ ಒಳಕ್ಕೆ ಕೂರುತ್ತೆ. ಕ್ಯಾನೊಪಿ ಕೂರುವ ಅಂಚನ್ನು ಕೊನೆಗೆ ಮಾಡಿ, ಕಣ್ಣಿಗೆ ಬೀಳುವುದು ಅದೇ. ಮಿಗ್-21ರಲ್ಲಿ ಇನ್ನೊಂದು ಕಿರಿಕಿರಿ ಇದೆ. ಮೂತಿಯಿಂದ ಬರುವ ಗಾಳಿಯ ದಾರಿ ಕಾಕ್‌ಪಿಟ್ ಪಕ್ಕದಲ್ಲೇ ಹಾದು ಎಂಜಿನ್‌ಗೆ ಹೋಗಬೇಕು. ಕಿಟ್‌ನಲ್ಲಿ ಆ ಕೊಳವೆ ಕೊಟ್ಟಿದ್ದರೆ ತೊಟ್ಟಿಯ ತಳ ಅದಕ್ಕೆ ತಾಗುತ್ತಿದೆಯೋ ಅಂತ ನೋಡಿ. ಎಷ್ಟೋ ಸಲ ಸಂದಿಗೆ ಕಾರಣ ಪಕ್ಕದ ಗೋಡೆ ಅಲ್ಲ, ತಳ. ಸ್ವಲ್ಪ ಕ್ಲೇ ತಳಕ್ಕೆ ಮೆತ್ತಿ ಎರಡು ಹೋಳನ್ನೂ ಒತ್ತಿ ತೆಗೆಯಿರಿ. ಕ್ಲೇ ಚಪ್ಪಟೆಯಾದ ಕಡೆಯೇ ತಾಗುತ್ತಿರೋದು.

ಹೋಳು ಅಂಟಿಸುವ ಮೊದಲು ಮೂತಿಯ ಕೋನ್ ಒಳಗೆ ಭಾರ ತುಂಬಲು ಮರೆಯಬೇಡಿ, ಇಲ್ಲದಿದ್ದರೆ ವಿಮಾನ ಬಾಲದ ಮೇಲೆ ಕೂರುತ್ತೆ.

ಅದಿರಲಿ, ಪೊನ್ನಂಪೇಟೆಯವರಾಗಿ ಮಿಸ್ಟೇರ್ ಬಿಟ್ಟು ಮಿಗ್ ಕಟ್ಟುತ್ತಿದ್ದೀರಲ್ಲ ಮಾರಾಯ್ರೇ? ನಮ್ಮ ಕೊಡಗಿನ ಪೈಲಟ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಜೆಟ್ ಉರುಳಿಸಿದ್ದು ಮಿಸ್ಟೇರ್‌ನಲ್ಲೇ ಅಲ್ವಾ.

ಪೊನ್ನಂಪೇಟೆ ಮಿಗ್:
ಅದು ಪಟ್ಟಿಯಲ್ಲಿದೆ ಸರ್. ಧ್ವನಿವೇಗದ ಎರಡರಷ್ಟು ಹಾರುವ ವಿಮಾನವನ್ನು ಆ ಹಳೇ ಫ್ರೆಂಚ್ ಜೆಟ್‌ನಲ್ಲಿ ಎದುರಿಸಿದವರು, ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಸುಮ್ನೆ ಅಂದಾಜಿನಲ್ಲಿ ಮಾಡಲು ಮನಸ್ಸಿಲ್ಲ. ಮಿಗ್-21ರ ಒಳಗಿನ ಫೋಟೋ ಬೇಕಾದಷ್ಟು ಸಿಗುತ್ತೆ, ಮಿಸ್ಟೇರ್‌ನದು ಪ್ಯಾನೆಲ್ ಪೂರ್ತಿ ಕಾಣುವಂಥದ್ದು ಇನ್ನೂ ಕೈಗೆ ಸಿಕ್ಕಿಲ್ಲ. ಯಾರ ಹತ್ತಿರವಾದರೂ ಇದ್ದರೆ ಹೇಳಿ.

ವರದಿ: ಪ್ಯಾನೆಲ್‌ಗೆ ವಾರ್ನಿಷ್ ಬಳಿದೆ. ಬಳಿಯುತ್ತಿದ್ದ ಹಾಗೇ ಬೂದು ಹೋಗಿ ಕಪ್ಪು ವಾಪಸ್ ಬಂತು. ಲಿವರ್‌ಗಳ ಬುಡದಲ್ಲಿ ಸ್ವಲ್ಪ ಉಳಿದಿದೆ, ಅಲ್ಲಿ ಮತ್ತೆ ಬಣ್ಣ ತಾಗಿಸುತ್ತೇನೆ. ತಾಗುತ್ತಿದ್ದದ್ದು ತಳವೇ! ಹಿಂದಿನ ಮೂಲೆ ಎರಡನ್ನೂ ಓರೆಯಾಗಿ ಕತ್ತರಿಸಿದೆ, ಗೋಡೆಯನ್ನೂ ಸ್ವಲ್ಪ ಕೆರೆದೆ, ಈಗ ಹೋಳು ಮುಚ್ಚುತ್ತೆ. ಆದರೆ ಒತ್ತುವಾಗ ಬಲಗಡೆಯ ಕನ್ಸೋಲ್ (ಕುರ್ಚಿ ಪಕ್ಕದ ಸ್ವಿಚ್ ಪೆಟ್ಟಿಗೆ) ಇಡಿಯಾಗಿ ಕಿತ್ತು ಬಂತು. ಎಡಗಡೆಯದು ಗಟ್ಟಿ. ಎರಡಕ್ಕೂ ಅದೇ ಪ್ಲಾಸ್ಟಿಕ್ ಸಿಮೆಂಟ್ ಹಾಕಿದ್ದು. ಶೀಟ್ ಮುಗಿದಿತ್ತು ಅಂತ ಬಲಗಡೆಗೆ ಹಳೇ ಎಟಿಎಂ ಕಾರ್ಡ್ ಕತ್ತರಿಸಿ ಹಾಕಿದ್ದೆ.

ಸೋಮವಾರಪೇಟೆ ಬ್ರಷ್:
ಕಾರ್ಡ್ ಪಿವಿಸಿ ಸರ್, ಕಿಟ್ ಪಾಲಿಸ್ಟೈರೀನ್. ಆ ಸಿಮೆಂಟ್ ಪಾಲಿಸ್ಟೈರೀನ್ ಕರಗಿಸಿ ಎರಡನ್ನು ಒಂದಾಗಿಸುತ್ತೆ, ಪಿವಿಸಿ ಜೊತೆ ಅದರ ಆಟ ನಡೆಯಲ್ಲ. ಶೀಟ್ ಮುಗಿದರೆ ಬೇಕರಿ ಡಬ್ಬಿ, ಮೊಸರಿನ ಕಪ್ ಇವುಗಳ ತಳ ನೋಡಿ. ತ್ರಿಕೋನದ ಒಳಗೆ 6 ಅಂತ ಇದ್ದರೆ ಅದು ಪಾಲಿಸ್ಟೈರೀನ್, ನಮ್ಮ ಜಾತಿಯದ್ದೇ. ತೊಳೆದು ಚಪ್ಪಟೆ ಭಾಗ ಕತ್ತರಿಸಿಕೊಳ್ಳಿ. ಕಾರ್ಡೇ ಇರಲಿ ಅಂದರೆ ಎರಡೂ ಮುಖ ಉಜ್ಜಿ ಒರಟು ಮಾಡಿ ಅರಾಲ್ಡೈಟ್ ಹಾಕಿ.

ಒಣಗಿಸಲು ನಾನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ 40 ವ್ಯಾಟ್ ಬಲ್ಬ್ ಇಟ್ಟಿದ್ದೇನೆ. ಹಳೇ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ಹಾಕಿ ಬೆಚ್ಚಗಾಗಲಿಲ್ಲ ಅನ್ನಬೇಡಿ. ಬಲ್ಬ್ ರಟ್ಟಿಗೆ ತಾಗಬಾರದು, ಮೇಲೆ ತೂತು ಇರಬೇಕು, ಮನೆಯಲ್ಲಿ ಯಾರೂ ಇಲ್ಲದಾಗ ಹಚ್ಚಿಟ್ಟು ಹೋಗಬೇಡಿ. ಕೈ ಇಟ್ಟರೆ ಹಿತವಾಗಿ ಬೆಚ್ಚಗಿದ್ದರೆ ಸಾಕು, ಅದಕ್ಕಿಂತ ಬಿಸಿಯಾದರೆ ರೆಕ್ಕೆ ಬಾಗುತ್ತೆ. ಕರೆಂಟ್ ಇದ್ದರೆ ಅನ್ನೋದು ಬೇರೆ ಮಾತು.

ಪೊನ್ನಂಪೇಟೆ ಮಿಗ್:
ಮೊಸರಿನ ಕಪ್‌ನಲ್ಲಿ 6 ಸಿಕ್ಕಿತು! ಕೊನೇ ಪ್ರಶ್ನೆ. ಫೋಟೋಗಳಲ್ಲಿ ಪ್ಯಾನೆಲ್ ನಡುವೆ ಮೇಲಿಂದ ಕೆಳಕ್ಕೆ ಒಂದು ಬಿಳಿ ಗೆರೆ ಕಾಣುತ್ತೆ. ಅದು ಯಾಕೆ, ಅಷ್ಟು ನೇರ ಎಳೆಯೋದು ಹೇಗೆ?

ಹಳೇ ಕಿಟ್:
ವಿಮಾನ ಗಿರಗಿರ ತಿರುಗುತ್ತಾ ಬೀಳತೊಡಗಿದರೆ ಪೈಲಟ್‌ಗೆ ಸ್ಟಿಕ್ ನಡುಮಧ್ಯೆ ಇದೆಯೋ ಇಲ್ಲವೋ ಗೊತ್ತಾಗಲ್ಲ. ಆಗ ಸ್ಟಿಕ್ ಅನ್ನು ಆ ಗೆರೆಗೆ ನೇರ ತಂದು ಹಿಡಿಯಲಿ ಅಂತ ಅದು. ಹಾಗಾಗಿ ನಿಮ್ಮ ಸ್ಟಿಕ್ ಕೂಡ ಗೆರೆಗೆ ಸರಿಯಾಗಿ ನಿಂತಿದೆಯಾ ಅಂತ ಮುಂದಿನಿಂದ ನೋಡಿಕೊಳ್ಳಿ.

ಬ್ರಷ್‌ನಲ್ಲಿ ಎಳೆಯಲು ಹೋಗಬೇಡಿ. ಈಗಾಗಲೇ ಬಣ್ಣ ಹಾಕಿದ ಪ್ಯಾನೆಲ್‌ಗೆ ಬಿಳಿ ಡೆಕಾಲ್‌ನಿಂದ ಸ್ಟೀಲ್ ಸ್ಕೇಲ್ ಇಟ್ಟು ಎಳೆಯಷ್ಟು ಪಟ್ಟಿ ಕತ್ತರಿಸಿ. ಗೆರೆ ಬರುವ ಜಾಗಕ್ಕೆ ಮಾತ್ರ ಮೊದಲು ಗ್ಲಾಸ್ ವಾರ್ನಿಷ್ ಬಳಿದು ಒಣಗಿಸಿ, ಮ್ಯಾಟ್ ಮೇಲೆ ನೇರ ಕೂರಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿ ಥರ ಹೊಳೆಯುತ್ತೆ. ಡಯಲ್ ಅಡ್ಡ ಬಂದ ಕಡೆ ಪಟ್ಟಿ ತುಂಡು ಮಾಡಿ ಆಚೆ ಈಚೆ ಹಾಕಿ. ಆ ಗ್ಲಾಸ್ ವಾರ್ನಿಷ್ ಒಣಗಲು ಈ ಮಳೆಯಲ್ಲಿ ಒಂದು ದಿನ ಜಾಸ್ತಿಯೇ ಕೊಡಿ, ಆಮೇಲೆ ಡೆಕಾಲ್ ನೀರಿಗೆ ಹಾಕಿ.