‘ಐ’ ಎಲ್ಲಿ, ‘ಮಿ’ ಎಲ್ಲಿ: ಇಂಗ್ಲಿಷ್ ಉಪನ್ಯಾಸಕಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹೊಸನಗರ): ನಮಸ್ಕಾರ ಮೇಡಂ. ಪ್ರಬಂಧದಲ್ಲಿ ‘ಮಿ ಆ್ಯಂಡ್ ಮೈ ಬ್ರದರ್ ವೆಂಟ್ ಟು ಜೋಗ್’ ಎಂದು ಬರೆದಿದ್ದೆ. ನಮ್ಮ ಸರ್ ಅದನ್ನು ಹೊಡೆದು ‘ಮೈ ಬ್ರದರ್ ಆ್ಯಂಡ್ ಐ’ ಎಂದು ತಿದ್ದಿದರು. ಮುಂದಿನ ಸಲ ಜಾಗ್ರತೆಯಿಂದ ‘ಅವರ್ ಅಂಕಲ್ ಟುಕ್ ಮೈ ಬ್ರದರ್ ಆ್ಯಂಡ್ ಐ ಟು ಆಗುಂಬೆ’ ಎಂದು ಬರೆದರೆ ಅದಕ್ಕೂ ಕೆಂಪು ಗೆರೆ! ಹಾಗಾದರೆ ಯಾವುದು ಸರಿ?

ಉತ್ತರ (ಇಂಗ್ಲಿಷ್ ಉಪನ್ಯಾಸಕಿ, ಶಿವಮೊಗ್ಗ): ನಿಮ್ಮ ಸರ್ ಎರಡು ಸಲವೂ ಸರಿಯಾಗಿಯೇ ತಿದ್ದಿದ್ದಾರಮ್ಮ. ತಮ್ಮನನ್ನು ಸ್ವಲ್ಪ ಹೊತ್ತು ಮನೆಯಲ್ಲಿ ಬಿಟ್ಟು ಆ ವಾಕ್ಯಗಳನ್ನು ಓದಿ ನೋಡು. ‘ಮಿ ವೆಂಟ್ ಟು ಜೋಗ್’ ಎಂದು ನೀನು ಯಾವತ್ತೂ ಬರೆಯುವುದಿಲ್ಲ, ‘ಐ ವೆಂಟ್’ ಎನ್ನುತ್ತೀಯ. ‘ಅಂಕಲ್ ಟುಕ್ ಐ’ ಎಂದೂ ಬರೆಯುವುದಿಲ್ಲ, ‘ಟುಕ್ ಮಿ’ ಎನ್ನುತ್ತೀಯ. ಒಬ್ಬಳೇ ಇದ್ದಾಗ ಯಾವ ರೂಪವೋ, ತಮ್ಮ ಜೊತೆಗೆ ಬಂದಾಗಲೂ ಅದೇ ರೂಪ. ಹೋಗುವವಳು ನೀನಾದರೆ ‘ಐ’, ನಿನ್ನನ್ನು ಯಾರಾದರೂ ಕರೆದೊಯ್ದರೆ ‘ಮಿ’. ಹಿ–ಹಿಮ್, ಶಿ–ಹರ್, ವಿ–ಅಸ್, ದೇ–ದೆಮ್ ಜೋಡಿಗಳಿಗೂ ಇದೇ ಲೆಕ್ಕ.

ಟು, ಫಾರ್, ವಿತ್, ಬಿಟ್ವೀನ್ ಮುಂತಾದ ಪ್ರಿಪೊಸಿಷನ್‌ಗಳ ನಂತರ ಯಾವಾಗಲೂ ಎರಡನೆಯ ರೂಪವೇ ಬರಬೇಕು. ‘ಬಿಟ್ವೀನ್ ಯು ಆ್ಯಂಡ್ ಐ’ ಕೇಳಲು ಗಂಭೀರವಾಗಿದೆ, ಆದರೆ ತಪ್ಪು. ಇಂಗ್ಲಿಷ್ ಮನೆಮಾತಿನವರೂ ಹೀಗೆ ಎಡವುತ್ತಾರೆ. ‘ಮಿ ಆ್ಯಂಡ್’ ಎನ್ನಬೇಡ ಎಂದು ಚಿಕ್ಕಂದಿನಲ್ಲಿ ಬೈಸಿಕೊಂಡವರಿಗೆ ‘ಐ’ ಎಂದರೆ ಸಭ್ಯತೆ ಎಂಬ ಭ್ರಮೆ ಅಂಟಿಕೊಂಡಿರುತ್ತದೆ.

ಪ್ರಶ್ನೆ (ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಭದ್ರಾವತಿ): ಮೇಡಂ, ‘ನಾನು’ ಎಂದರೆ ‘ಐ’, ‘ನನ್ನನ್ನು, ನನಗೆ’ ಎಂದರೆ ‘ಮಿ’ ಎಂದು ಬಾಯಿಪಾಠ ಮಾಡಿಕೊಂಡರೆ ಸಾಲದೇ?

ಉತ್ತರ: ಸಾಲದು. ನಮ್ಮ ಮಕ್ಕಳು ದಾರಿ ತಪ್ಪುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

‘ಅವನು ನನಗೆ ಪುಸ್ತಕ ಕೊಟ್ಟನು’ ಎಂಬಲ್ಲಿ ನಿಮ್ಮ ಸೂತ್ರ ಸರಿಹೋಗುತ್ತದೆ: ‘ಹಿ ಗೇವ್ ಮಿ ಎ ಬುಕ್’. ಈಗ ‘ನನಗೆ ಗೊತ್ತು’, ‘ನನಗೆ ರಜೆ ಬೇಕು’, ‘ನನಗೆ ಹಸಿವಾಗಿದೆ’, ‘ನನಗೆ ಇಬ್ಬರು ಅಕ್ಕಂದಿರಿದ್ದಾರೆ’ ಎಂಬ ವಾಕ್ಯಗಳನ್ನು ನೋಡಿ. ಎಲ್ಲದರಲ್ಲೂ ‘ನನಗೆ’ ಇದೆ. ಇಂಗ್ಲಿಷಿನಲ್ಲಿ ನಾಲ್ಕೂ ‘ಐ’ ಆಗುತ್ತವೆ: ಐ ನೋ, ಐ ವಾಂಟ್, ಐ ಆ್ಯಮ್ ಹಂಗ್ರಿ, ಐ ಹ್ಯಾವ್. ತಿಳಿವು, ಬಯಕೆ, ಹಸಿವು, ಜ್ವರ ಇವನ್ನೆಲ್ಲ ನಾವು ಮಾಡುವುದಿಲ್ಲ, ಅವು ನಮಗೆ ಆಗುತ್ತವೆ ಎಂಬಂತೆ ಕನ್ನಡ ನಡೆಯುತ್ತದೆ, ಅದಕ್ಕೇ ಚತುರ್ಥಿ ವಿಭಕ್ತಿ. ಇಂಗ್ಲಿಷಿಗೆ ಆ ಸೂಕ್ಷ್ಮ ಇಲ್ಲ. ಅಲ್ಲಿ ಹಸಿದವನೂ ಕರ್ತೃವಿನ ಸ್ಥಾನದಲ್ಲೇ ಕೂರಬೇಕು.

ಇನ್ನೊಂದು ಹಳ್ಳ ಕರ್ಮಣಿ ಪ್ರಯೋಗದಲ್ಲಿದೆ. ‘ನನ್ನನ್ನು ತಂಡಕ್ಕೆ ಆಯ್ಕೆ ಮಾಡಲಾಯಿತು’ ಎಂದು ಪತ್ರಿಕೆಗಳೂ ಬರೆಯುತ್ತವೆ. ‘ನನ್ನನ್ನು’ ಹಾಗೆಯೇ ಉಳಿದಿದೆ. ಇಂಗ್ಲಿಷಿನಲ್ಲಿ ಅದು ‘ಐ ವಾಸ್ ಸೆಲೆಕ್ಟೆಡ್’ ಆಗುತ್ತದೆ. ‘ಮಿ ವಾಸ್’ ಎಂದು ಬರೆದವರ ಉತ್ತರಪತ್ರಿಕೆಗಳನ್ನು ನಾನು ನೋಡಿದ್ದೇನೆ, ಅವರ ಕನ್ನಡ ಚೆನ್ನಾಗಿದೆ ಎಂದು ಒಳಗೊಳಗೇ ಮೆಚ್ಚಿಕೊಂಡೂ ಇದ್ದೇನೆ. ಆದರೂ ಅಂಕ ಕೊಡಲಾಗುವುದಿಲ್ಲ.

ಹಾಗಾಗಿ ಕನ್ನಡ ಪ್ರತ್ಯಯವನ್ನು ನೋಡಬೇಡಿ. ಇಂಗ್ಲಿಷ್ ವಾಕ್ಯದಲ್ಲಿ ಆ ಸರ್ವನಾಮ ಕ್ರಿಯಾಪದವನ್ನು ನಡೆಸುತ್ತಿದೆಯೇ, ಅಥವಾ ಕ್ರಿಯಾಪದದ ಇಲ್ಲವೇ ಪ್ರಿಪೊಸಿಷನ್‌ನ ನಂತರ ಬಂದಿದೆಯೇ ಎಂದು ನೋಡಿ.

ಪ್ರಶ್ನೆ (ಹೋಂಸ್ಟೇ ನಡೆಸುವವರು, ತೀರ್ಥಹಳ್ಳಿ): ಅತಿಥಿಗಳಿಗೆ ‘ಮೈ ಫಾದರ್ ವಿಲ್ ಮೀಟ್ ಯು. ದೇ ನೋ ದ ರೋಡ್. ಪ್ಲೀಸ್ ಕಾಲ್ ದೆಮ್’ ಎಂದು ಬರೆದೆ. ಎಷ್ಟು ಜನ ಬರುತ್ತಾರೆ ಎಂದು ಕೇಳಿದರು! ತಂದೆಯನ್ನು ‘ಹಿ’ ಎನ್ನಲು ಮನಸ್ಸು ಬರುವುದಿಲ್ಲ.

ಉತ್ತರ: ನಿಮ್ಮ ಸಂಕೋಚ ಅರ್ಥವಾಗುತ್ತದೆ ಸರ್. ಅಡಿಕೆ ಕೊನೆಗಾರರಿಂದ ಹಿಡಿದು ಮನೆಯ ಹಿರಿಯರವರೆಗೆ ಎಲ್ಲರನ್ನೂ ‘ಅವರು’ ಎಂದು ಕರೆದು ಅಭ್ಯಾಸವಾಗಿದೆ. ಆದರೆ ‘ಹಿ’ ಎಂದರೆ ‘ಅವನು’ ಮಾತ್ರವಲ್ಲ, ‘ಇವರು, ಅವರು’ ಎಲ್ಲವೂ ಅದರಲ್ಲೇ ಅಡಗಿವೆ. ‘ಹಿ ನೋಸ್ ದ ರೋಡ್. ಪ್ಲೀಸ್ ಕಾಲ್ ಹಿಮ್’ ಎಂದು ಬರೆಯಿರಿ, ಅಗೌರವ ಏನೂ ಆಗುವುದಿಲ್ಲ. ಒಬ್ಬರಿಗೇ ‘ದೇ’ ಬಳಸುವುದು ಇಂಗ್ಲಿಷಿನಲ್ಲೂ ಇದೆ, ಗಂಡೋ ಹೆಣ್ಣೋ ತಿಳಿಯದಿದ್ದಾಗ, ಅಥವಾ ಆ ವ್ಯಕ್ತಿಯೇ ಹಾಗೆ ಬಯಸಿದಾಗ. ಗೌರವಕ್ಕಾಗಿ ಅಲ್ಲ.

ಪ್ರಶ್ನೆ (ಗೃಹಿಣಿ, ಸಾಗರ): ಮಗಳಿಗೆ ಪಾಠ ಹೇಳಿಕೊಡುವಾಗ ಬಂದ ಅನುಮಾನ. ‘ಯು’ ಎರಡೂ ಕಡೆ ಒಂದೇ ಇರುವುದೇಕೆ?

ಉತ್ತರ: ಹಿಂದೆ ಬೇರೆಯೇ ಇತ್ತು. ಕರ್ತೃವಾಗಿ ‘ಯೀ’, ಕರ್ಮವಾಗಿ ‘ಯು’ ಎಂದು ಹೇಳುತ್ತಿದ್ದರು. 16ನೇ ಶತಮಾನದಲ್ಲಿ ‘ಯು’ ಕರ್ತೃವಿನ ಜಾಗಕ್ಕೂ ಹಬ್ಬಿ, ‘ಯೀ’ ಮೂಲೆಗೆ ಸರಿಯಿತು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೂ ನಮ್ಮಂತೆಯೇ ವಿಭಕ್ತಿಗಳಿದ್ದವು. ಅವು ಸವೆದುಹೋಗಿ, ಷಷ್ಠಿಯ ‘ಎಸ್’ ಒಂದನ್ನು ಬಿಟ್ಟರೆ ಸರ್ವನಾಮಗಳಲ್ಲಷ್ಟೇ ಉಳಿದಿವೆ. ‘ಇಟ್’ ಕೂಡ ಬದಲಾಗುವುದಿಲ್ಲ ಎಂದು ಮಗಳಿಗೆ ಹೇಳಿ.

ಪ್ರತಿಕ್ರಿಯೆ (ನಿವೃತ್ತ ಶಿಕ್ಷಕರು, ಶಿವಮೊಗ್ಗ): ‘ಇಟ್ ಈಸ್ ಐ’ ಎನ್ನುವುದೇ ಶುದ್ಧ. ಈಗಿನವರು ‘ಇಟ್ಸ್ ಮಿ’ ಎಂದು ಕಲಿಸುತ್ತಿದ್ದಾರೆ. ನೀವು ಅದನ್ನೂ ಸ್ವಲ್ಪ ಹೇಳಬೇಕು ಮೇಡಂ.

ಉತ್ತರ: ಹಳೆಯ ವ್ಯಾಕರಣದ ಪ್ರಕಾರ ನೀವು ಹೇಳುವುದು ಸರಿ ಸರ್, ಅದನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ. ಆದರೆ ಬಾಗಿಲು ತಟ್ಟಿದವರನ್ನು ಯಾರೆಂದು ಕೇಳಿದಾಗ ‘ಇಟ್ ಈಸ್ ಐ’ ಎಂದು ಉತ್ತರಿಸುವವರು ಇಂಗ್ಲೆಂಡಿನಲ್ಲೂ ಈಗ ಅಪರೂಪ. ಪರೀಕ್ಷೆಯಲ್ಲಿ ಪಠ್ಯಪುಸ್ತಕ ಹೇಳಿದಂತೆ ಬರೆಯಲಿ, ಮಾತಿನಲ್ಲಿ ‘ಮಿ’ ಇರಲಿ. ‘ಟಾಲರ್ ದ್ಯಾನ್ ಮಿ’ಗೂ ಇದೇ ಮಾತು. ಆದರೆ ಅರ್ಥ ಕವಲೊಡೆಯುವ ಕಡೆ ಬಿಗಿ ಬೇಕು. ‘ಶಿ ಟ್ರಸ್ಟ್ಸ್ ಹಿಮ್ ಮೋರ್ ದ್ಯಾನ್ ಐ ಡು’ ಎಂದರೆ ನನಗಿಂತ ಅವಳಿಗೆ ಅವನ ಮೇಲೆ ನಂಬಿಕೆ ಹೆಚ್ಚು. ‘ದ್ಯಾನ್ ಮಿ’ ಎಂದರೆ ಅವಳು ನನ್ನನ್ನು ಅಷ್ಟು ನಂಬುವುದಿಲ್ಲ ಎಂದೂ ಆಗಬಹುದು. ಸಂಸಾರಸ್ಥರು ನೋಡಿಕೊಂಡು ಬರೆಯಿರಿ.

ಪ್ರಶ್ನೆ (ಭದ್ರಾವತಿಯವರೇ): ಕೊನೆಯದಾಗಿ, ‘ಹೂ’ ಮತ್ತು ‘ಹೂಮ್’?

ಉತ್ತರ: ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಅದು ‘ಹಿ’ ಆದರೆ ಪ್ರಶ್ನೆ ‘ಹೂ’, ‘ಹಿಮ್’ ಆದರೆ ‘ಹೂಮ್’. ಎರಡೂ ‘ಮ್’ನಲ್ಲಿ ಮುಗಿಯುವುದರಿಂದ ನೆನಪಿನಲ್ಲಿ ನಿಲ್ಲುತ್ತದೆ. ಮಾತಿನಲ್ಲಿ ‘ಹೂ ಡಿಡ್ ಯು ಮೀಟ್’ ಎಂದರೆ ಯಾರೂ ತಪ್ಪು ಹಿಡಿಯುವುದಿಲ್ಲ, ಆದರೆ ಪ್ರಿಪೊಸಿಷನ್ ಮುಂದಿದ್ದರೆ ‘ಹೂಮ್’ ಬೇಕೇ ಬೇಕು. ನಮ್ಮ ಕಚೇರಿಗಳ ಪ್ರಮಾಣಪತ್ರಗಳ ತಲೆಯ ಮೇಲಿರುವ ‘ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್’ ನೋಡಿರುತ್ತೀರಿ. ಅಲ್ಲಿ ‘ಹೂಸೋಎವರ್’ ಎಂದು ಟೈಪ್ ಆಗಿದ್ದರೆ ಸಹಿ ಮಾಡಿಸುವ ಮೊದಲೇ ತಿದ್ದಿಸಿಕೊಳ್ಳಿ.