ಎರಿ ಸರೋವರದ ಐಸ್ ಅಡಿಯಲ್ಲಿ ಕಂದು ಬಣ್ಣದ್ದು ಏನಿದು?

ಟೊಲಿಡೊ ಸೊಸೆ:
ಶನಿವಾರ ಪಕ್ಕದ ಮನೆಯವರ ಜೊತೆ ಅಮೆರಿಕ-ಕೆನಡಾ ಗಡಿಯ ಎರಿ ಸರೋವರಕ್ಕೆ ಐಸ್ ಫಿಶಿಂಗ್‌ಗೆ ಹೋಗಿದ್ದೆವು. ನಾವು ಮೀನು ತಿನ್ನಲ್ಲ, ಸುಮ್ನೆ ನೋಡಲು. ಐಸ್ ಒಂದಡಿ ದಪ್ಪ ಇತ್ತು. ತೂತು ಕೊರೆದಾಗ ತಳದ ತುಂಡುಗಳಿಗೆ ಕಾಫಿ ಗಸಿಯ ಹಾಗೆ ಏನೋ ಅಂಟಿತ್ತು. ತೀರ್ಥಹಳ್ಳಿಯಿಂದ ಬಂದಿರುವ ನಮ್ಮ ಮಾವನವರು ಕೈಯಲ್ಲಿ ಉಜ್ಜಿ ನೋಡಿ, "ಪಾಚಿ ಕಣಮ್ಮಾ" ಅಂದರು. ಈ ಚಳಿಯಲ್ಲಿ ಪಾಚಿಯಾ? 2014ರ ಆಗಸ್ಟ್‌ನಲ್ಲಿ ವಿಷದ ಪಾಚಿ ಬಂದು ನಲ್ಲಿ ನೀರು ಕುಡೀಬೇಡಿ ಅಂದಾಗ ನಾವು ಇಲ್ಲೇ ಇದ್ದೆವು. ಅದಕ್ಕೇ ಭಯ.

ಕೆರೆನೀರು:
ಮಾವನವರದ್ದು ಸರಿಯಾದ ಊಹೆ. ನಾನು ನೀರಿನ ಲ್ಯಾಬ್‌ನಲ್ಲಿ ಇರುವವನು. ನೋಡದೆ ಆಣೆ ಮಾಡಲಾರೆ, ಆದರೆ ನೀವು ಹೇಳುವುದು ಡಯಾಟಮ್ ಅನ್ನುವ ಅತಿ ಸಣ್ಣ ಪಾಚಿಯ ತರಹವೇ ಇದೆ. ಎರಿಯಲ್ಲಿ ಚಳಿಗಾಲಕ್ಕೆ ಔಲಕೊಸೈರಾ ಅನ್ನುವ ಡಯಾಟಮ್ ಜಾಸ್ತಿ. ಮೈಕ್ರೋಸ್ಕೋಪ್‌ನಲ್ಲಿ ಟಿಫಿನ್ ಕ್ಯಾರಿಯರ್ ಹಾಗೆ ಕಾಣುತ್ತದೆ, ಡಬ್ಬಿಗೆ ಡಬ್ಬಿ ಜೋಡಿಸಿದ ಸರ. ಡಬ್ಬಿ ಸಿಲಿಕಾದ್ದು, ಅಂದರೆ ಗಾಜಿನದೇ ಜಾತಿ. ಭಾರ ಜಾಸ್ತಿ, ಮುಳುಗಿದರೆ ಕತ್ತಲು. ಐಸ್‌ಗೆ ಅಂಟಿಕೊಂಡರೆ ಬಿಸಿಲು ಸಿಗುತ್ತದೆ. ಕೆನಡಾ ಕೋಸ್ಟ್ ಗಾರ್ಡಿನ ಗ್ರಿಫನ್ ಹಡಗು ಐಸ್ ಒಡೆದುಕೊಂಡು ಹೋಗುವಾಗ ತುಂಡುಗಳು ಕಂದಾಗಿ ಮಗುಚಿದ್ದನ್ನು ವಿಜ್ಞಾನಿಗಳು ನೋಡಿದ್ದಾರೆ.

2014ರದ್ದು ಬೇರೆ. ಅದು ಮೈಕ್ರೋಸಿಸ್ಟಿಸ್, ಹಸಿರು ಬಣ್ಣ, ಅದಕ್ಕೆ ಬೆಚ್ಚಗಿನ ನೀರು ಬೇಕು. ಇದು ಆ ವಿಷ ಮಾಡಲ್ಲ. ಹಾಗಂತ ಪೂರ್ತಿ ಸಾಧುವೂ ಅಲ್ಲ. ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಆಕ್ಸಿಜನ್ ತಿನ್ನುತ್ತದೆ.

ಅಂದಹಾಗೆ, ಐಸ್ ಮೇಲೆ ಹಿಮ ಇತ್ತಾ?

ಟೊಲಿಡೊ ಸೊಸೆ:
ಇಲ್ಲ, ಗಾಳಿಗೆ ಹಾರಿಹೋಗಿ ಗಾಜಿನ ಹಾಗಿತ್ತು. ಕಾಲಿಡಲು ಹೆದರಿಕೆ.

ಕೆರೆನೀರು:
ಹಾಗಾದರೆ ಸರಿಹೋಯ್ತು. ಬರೀ ಐಸ್ ಬೆಳಕು ಬಿಡುತ್ತದೆ. ಹಿಮ ಕೂತರೆ ಕಂಬಳಿ ಹೊದಿಸಿದ ಹಾಗೆ.

ಶಿರಸಿ ಹುಡುಗ:
ಬೆಳಕು ಇಲ್ಲದಿದ್ದರೆ ಏನೂ ಇರಲ್ಲ ಅಂತೀರಾ ಸರ್? ಅಂಟಾರ್ಕ್ಟಿಕಾದ ವಿಲಾನ್ಸ್ ಸರೋವರದ ಮೇಲೆ 800 ಮೀಟರ್ ಐಸ್. 2013ರ ಜನವರಿಯಲ್ಲಿ ಬಿಸಿನೀರಿನಿಂದ ಕೊರೆದು ನೋಡಿದರೆ ಒಂದು ಮಿಲಿಲೀಟರ್‌ನಲ್ಲಿ ಸುಮಾರು 1,30,000 ಜೀವಕೋಶ!

ಕೆರೆನೀರು:
ಅವು ಬಿಸಿಲು ನಂಬಿದವಲ್ಲಪ್ಪ. ಅಮೋನಿಯಂ, ಮೀಥೇನ್ ಇಂಥದ್ದರಿಂದಲೇ ಹೊಟ್ಟೆ ಹೊರೆಯುತ್ತವೆ.

ಟೊಲಿಡೊ ಸೊಸೆ:
ಮಾವನವರು ಒಂದು ಬಾಟಲಿ ತುಂಬಿಸಿ ಫ್ರಿಜ್‌ನಲ್ಲಿ ಇಟ್ಟಿದ್ದಾರೆ. ಏನು ಮಾಡಲಿ?

ಕೆರೆನೀರು:
ಫ್ರೀಜರ್‌ಗೆ ಮಾತ್ರ ಹಾಕಬೇಡಿ. ಮತ್ತೆ ಬಾಟಲಿ ಮೇಲೆ ಹೆಸರು ಬರೆದಿಡಿ, ಯಾರಾದರೂ ಕಷಾಯ ಅಂದುಕೊಂಡಾರು.