ಹೆರಿಗೆ ದರ ಇಷ್ಟು ಇಳಿದರೂ ಜನಸಂಖ್ಯೆ ಏರುತ್ತಲೇ ಇರುವುದೇಕೆ? ‘ಪೂರೈಸದ ಅಗತ್ಯ’ ಅಂದರೆ ನಿಜಕ್ಕೂ ಏನು?

ಕುತೂಹಲಿ:
1950ರ ಸುಮಾರಿಗೆ ಹೆಣ್ಣೊಬ್ಬಳಿಗೆ ಸರಾಸರಿ 5 ಮಕ್ಕಳು. ಈಗ ಅದು 2.3ರ ಆಸುಪಾಸಿಗೆ ಬಂದಿದೆ. ಆದರೂ 2022ರ ನವೆಂಬರ್‌ನಲ್ಲಿ 800 ಕೋಟಿ ಮುಟ್ಟಿದೆವು. ವಿಶ್ವಸಂಸ್ಥೆಯ 2024ರ ಅಂದಾಜಿನ ಪ್ರಕಾರ 2080ರ ದಶಕದ ನಡುವಿನವರೆಗೂ ಏರಿ, ಸುಮಾರು 1030 ಕೋಟಿ ಆದ ಮೇಲಷ್ಟೇ ಇಳಿಯುತ್ತದಂತೆ. ದರ ಅರ್ಧಕ್ಕಿಂತ ಕೆಳಗಿಳಿದ ಮೇಲೂ ಈ ಏರಿಕೆ ಎಲ್ಲಿಂದ? ಇನ್ನೊಂದು, ಕುಟುಂಬ ಯೋಜನೆಯ ವರದಿಗಳಲ್ಲಿ ‘ಪೂರೈಸದ ಅಗತ್ಯ’ ಅಂತ ಒಂದು ಅಂಕಿ ಬರುತ್ತದಲ್ಲ, ಅದನ್ನು ಹೇಗೆ ಎಣಿಸುತ್ತಾರೆ? ಆಸ್ಪತ್ರೆ ಇದೆ, ಮಾತ್ರೆ ಉಚಿತ ಅನ್ನುವ ಕಡೆಯೂ ಅದು ಏಕೆ ಕರಗುವುದಿಲ್ಲ? ಇಷ್ಟೇ ಮಕ್ಕಳು ಅಂತ ಕಾಯ್ದೆ ಮಾಡಿಬಿಟ್ಟರೆ ಬೇಗ ಮುಗಿಯುವುದಿಲ್ಲವೇ?

ತಲೆಲೆಕ್ಕ:
ಮೊದಲ ಪ್ರಶ್ನೆಗೆ ಕಾಗದ ಪೆನ್ನು ಸಾಕು. 100 ಹೆಂಗಸರಿಗೆ ತಲಾ 4 ಮಕ್ಕಳು ಅಂದರೆ 400 ಹೆರಿಗೆ. 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುವುದರಿಂದ ಆ 400ರಲ್ಲಿ ಹೆಣ್ಣು ಸುಮಾರು 195. ಸಣ್ಣ ವಯಸ್ಸಿನಲ್ಲೇ ತೀರಿಕೊಂಡವರನ್ನು ಕಳೆದು 190 ಅನ್ನಿ. ಈ ಹೆಣ್ಣುಮಕ್ಕಳು ತಲಾ 2.1ಕ್ಕೇ ನಿಲ್ಲಿಸಿದರೂ 190 × 2.1 = 399 ಹೆರಿಗೆ. ದರ ಹೆಚ್ಚುಕಡಿಮೆ ಅರ್ಧವಾಯಿತು, ತೊಟ್ಟಿಲುಗಳ ಸಂಖ್ಯೆ ಮಾತ್ರ ಹಾಗೇ ಉಳಿಯಿತು. ಅದೇ ಹೊತ್ತಿಗೆ ಸಾಯುತ್ತಿರುವವರು ಅಜ್ಜಿಯರ ಕಾಲದ ಸಣ್ಣ ತಲೆಮಾರಿನವರು. ವ್ಯತ್ಯಾಸವೆಲ್ಲ ಏರಿಕೆಯಾಗಿ ಕಾಣುತ್ತದೆ. 2050ರವರೆಗಿನ ಏರಿಕೆಯಲ್ಲಿ ಮೂರರಲ್ಲಿ ಎರಡು ಪಾಲು ಈಗಾಗಲೇ ಹುಟ್ಟಿರುವವರ ವಯೋರಚನೆಯಿಂದಲೇ ಬರುತ್ತದೆ ಎಂದು ವಿಶ್ವಸಂಸ್ಥೆ 2022ರಲ್ಲಿ ಲೆಕ್ಕ ಹಾಕಿತ್ತು.

ಜನ ಮರೆಯುವ ಸಂಗತಿ ಇನ್ನೊಂದಿದೆ: ಮಕ್ಕಳ ಸಂಖ್ಯೆಯಷ್ಟೇ ಮುಖ್ಯ ತಾಯಿಯ ವಯಸ್ಸು. ತಲೆಮಾರುಗಳ ಅಂತರ 18 ವರ್ಷವಾದರೆ ಒಂದು ಶತಮಾನದಲ್ಲಿ ಐದೂವರೆ ತಲೆಮಾರು, 25 ಆದರೆ ನಾಲ್ಕೇ. ಹುಡುಗಿಯರು ಶಾಲೆಯಲ್ಲಿ ಉಳಿದು ಮದುವೆ ತಡವಾದರೆ, ಮಕ್ಕಳ ಸಂಖ್ಯೆ ಬದಲಾಗದಿದ್ದರೂ ಏರಿಕೆ ನಿಧಾನವಾಗುತ್ತದೆ.

ಸಮೀಕ್ಷೆ_ಪುಟ:
‘ಪೂರೈಸದ ಅಗತ್ಯ’ ಅಂದರೆ ‘ಮಾತ್ರೆ ಕೇಳಿ ಸಿಗದವರು’ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. 15ರಿಂದ 49 ವಯಸ್ಸಿನ, ಗರ್ಭ ನಿಲ್ಲುವ ಸಾಧ್ಯತೆ ಇರುವ ಹೆಣ್ಣಿಗೆ ಇನ್ನು ಮಗು ಬೇಡ, ಅಥವಾ ಕನಿಷ್ಠ ಎರಡು ವರ್ಷ ಬೇಡ. ಆದರೆ ಯಾವ ಗರ್ಭನಿರೋಧಕ ವಿಧಾನವನ್ನೂ ಬಳಸುತ್ತಿಲ್ಲ. ಅವಳು ಈ ಲೆಕ್ಕಕ್ಕೆ ಸೇರುತ್ತಾಳೆ, ಮಾತ್ರೆಯ ಹೆಸರೇ ಕೇಳಿಲ್ಲದಿದ್ದರೂ. ಬೇಡದ ಹೊತ್ತಿನಲ್ಲಿ ಬಸಿರಾದವರೂ, ಅಂಥ ಹೆರಿಗೆಯಾಗಿ ಇನ್ನೂ ಮುಟ್ಟು ಮರಳದ ಬಾಣಂತಿಯರೂ ಸೇರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ ಕೊಡುವ 2021ರ ಅಂಕಿಗಳು: ಈ ವಯೋಮಾನದ 190 ಕೋಟಿ ಹೆಂಗಸರಲ್ಲಿ ಕುಟುಂಬ ಯೋಜನೆ ಬೇಕಾದವರು ಸುಮಾರು 110 ಕೋಟಿ, ಆಧುನಿಕ ವಿಧಾನ ಬಳಸುವವರು 87.4 ಕೋಟಿ, ಏನನ್ನೂ ಬಳಸದೆ ಉಳಿದವರು 16.4 ಕೋಟಿ. ಮಿಕ್ಕವರು ದಿನ ಎಣಿಸುವಂಥ ಹಳೆಯ ದಾರಿಗಳಲ್ಲಿದ್ದಾರೆ.

ಕರಗದಿರುವುದಕ್ಕೆ ದೂರ, ದುಡ್ಡು ಮಾತ್ರ ಕಾರಣವಲ್ಲ. ಇನ್ನೊಂದು ದೊಡ್ಡ ಕಾರಣ: ಶುರು ಮಾಡಿದವರು ಬಿಟ್ಟುಬಿಡುವುದು. ಮೂರು ತಿಂಗಳಿಗೊಮ್ಮೆ ಹಾಕಿಸುವ ಗರ್ಭನಿರೋಧಕ ಇಂಜೆಕ್ಷನ್ ನೋಡಿ. ಮೊದಲ ತಿಂಗಳುಗಳಲ್ಲಿ ರಕ್ತಸ್ರಾವ ಏರುಪೇರು, ವರ್ಷ ಕಳೆಯುವಷ್ಟರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮುಟ್ಟೇ ನಿಲ್ಲುತ್ತದೆ. ಅಪಾಯವೇನಿಲ್ಲ. ಆದರೆ ಮೊದಲೇ ಹೇಳದಿದ್ದರೆ ಕೆಟ್ಟ ರಕ್ತ ಒಳಗೇ ನಿಂತಿದೆ ಅಥವಾ ಬಸಿರಾಗಿದೆ ಅಂದುಕೊಂಡು ಎರಡನೇ ಡೋಸ್‌ಗೆ ಬರುವುದಿಲ್ಲ. ಕಾಪರ್-ಟಿಗೂ ಇದೇ ಕಥೆ, ತಿರುಗುಮುರುಗಾಗಿ: ಮೊದಲ ಮೂರರಿಂದ ಆರು ತಿಂಗಳು ಸ್ರಾವವೂ ನೋವೂ ಹೆಚ್ಚು, ಆಮೇಲೆ ಸಾಮಾನ್ಯವಾಗಿ ತಗ್ಗುತ್ತದೆ.

ಇನ್ನು ಕೌಂಟರ್‌ನಲ್ಲಾಗುವ ತಪ್ಪು. ಇಂಜೆಕ್ಷನ್‌ಗೆ ಹತ್ತು ದಿನ ತಡವಾಗಿ ಬಂದವಳಿಗೆ ‘ಮುಟ್ಟಾದ ಮೇಲೆ ಬಾ’ ಅಂದು ಕಳಿಸುತ್ತಾರೆ. ಆ ಇಂಜೆಕ್ಷನ್ನೇ ಮುಟ್ಟು ನಿಲ್ಲಿಸಿರುವಾಗ ಅವಳು ಯಾವತ್ತು ಬರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ನಾಲ್ಕು ವಾರ ತಡವಾದರೂ ಕೊಡಬಹುದು, ಎರಡು ವಾರ ಮುಂಚೆಯೂ ಕೊಡಬಹುದು. ಹೊಸದಾಗಿ ಶುರು ಮಾಡುವವರಿಗೂ ಮುಟ್ಟಿಗಾಗಿ ಕಾಯಿಸಬೇಕಿಲ್ಲ. ಕಳೆದ 7 ದಿನದಲ್ಲಿ ಮುಟ್ಟಾಗಿದೆಯೇ, ಹೆರಿಗೆಯಾಗಿ 4 ವಾರದೊಳಗೇ, 6 ತಿಂಗಳೊಳಗಿನ ಮಗುವಿಗೆ ಎದೆಹಾಲಷ್ಟೇ ಕೊಡುತ್ತ ಮುಟ್ಟು ಬಾರದೆ ಇದೆಯೇ, ಹೀಗೆ ಆರು ಪ್ರಶ್ನೆಗಳಿವೆ. ಬಸಿರಿನ ಲಕ್ಷಣಗಳಿಲ್ಲದೆ ಒಂದಕ್ಕೆ ‘ಹೌದು’ ಬಂದರೂ ಅದೇ ದಿನ ಶುರು ಮಾಡಬಹುದು.

ದಾಸ್ತಾನು:
ಮೇಲಿನವರು ಸ್ಟಾಕ್ ವಿಷಯ ಬಿಟ್ಟರು, ಅದನ್ನು ನಾನು ಸೇರಿಸುತ್ತೇನೆ. ‘ಉಚಿತ’ ಅಂತ ಗೋಡೆ ಮೇಲೆ ಬರೆದಿರುತ್ತದೆ, ಕಪಾಟು ಖಾಲಿ ಇರುತ್ತದೆ. ಎಷ್ಟೋ ಸಲ ಇದು ಇಂಡೆಂಟ್ (ಸ್ಟಾಕ್ ತರಿಸುವ ಬೇಡಿಕೆ ಪಟ್ಟಿ) ಬರೆಯುವವರ ಲೆಕ್ಕದ ತಪ್ಪು. ತಿಂಗಳಲ್ಲಿ 60 ಇಂಜೆಕ್ಷನ್ ಹೋಗಿದೆ ಅಂತ ರಿಜಿಸ್ಟರ್ ಹೇಳುತ್ತದೆ, ಹಾಗಾಗಿ 60 ತರಿಸುತ್ತಾರೆ. ಆದರೆ ಆ ತಿಂಗಳು ಸ್ಟಾಕ್ ಇದ್ದದ್ದು 15 ದಿನ ಮಾತ್ರ. ನಿಜವಾದ ಬೇಡಿಕೆ 60 × 30 ÷ 15 = 120. ಖಾಲಿ ದಿನಗಳನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ ಕೊರತೆಯೇ ಮುಂದಿನ ತಿಂಗಳ ಗುರಿಯಾಗುತ್ತದೆ. ಗರಿಷ್ಠ ನಾಲ್ಕು ತಿಂಗಳ ಸ್ಟಾಕ್ ಇಟ್ಟುಕೊಳ್ಳುವ ಕಡೆ 120 × 4 = 480ರಿಂದ ಕೈಯಲ್ಲಿರುವುದನ್ನು ಕಳೆದು ಬರೆಯಬೇಕು.

ಜೊತೆ ಸಾಮಾನು ಇಲ್ಲದಿದ್ದರೂ ಇದೇ ಗತಿ. ವಯಲ್ ಇದೆ, ಸಿರಿಂಜ್ ಇಲ್ಲ. ಇಂಪ್ಲಾಂಟ್ (ತೋಳಿನ ಚರ್ಮದಡಿ ಇಡುವ ಗರ್ಭನಿರೋಧಕ ಕಡ್ಡಿ) ಇದೆ, ಮರಗಟ್ಟಿಸುವ ಮದ್ದಿಲ್ಲ. ವರದಿಯಲ್ಲಿ ಮಾತ್ರ ಎರಡೂ ‘ಲಭ್ಯ’.

ಕುತೂಹಲಿ:
ತೊಟ್ಟಿಲಿನ ಲೆಕ್ಕ ಈಗ ಅರ್ಥವಾಯಿತು, ಧನ್ಯವಾದ. ಕಾಯ್ದೆಯ ಪ್ರಶ್ನೆ ಉಳಿಯಿತು. ಒಂದು ದೇಶದ ವರದಿ ಕೈಗೆ ಬಂದರೆ ಮೊದಲು ಯಾವ ಅಂಕಿ ನೋಡಬೇಕು ಅಂತಲೂ ಹೇಳಿ.

ತಲೆಲೆಕ್ಕ:
ಚೀನಾದ ಉದಾಹರಣೆ ಎಲ್ಲರೂ ಕೊಡುತ್ತಾರೆ, ಇಸವಿ ಮಾತ್ರ ನೋಡುವುದಿಲ್ಲ. 1970ರ ಸುಮಾರಿಗೆ 6ರ ಹತ್ತಿರವಿದ್ದ ದರ ಒಂದು ಮಗುವಿನ ನೀತಿ ಬರುವ ಮೊದಲೇ, 1979ರ ಹೊತ್ತಿಗೆ, 3ಕ್ಕಿಂತ ಕೆಳಗಿತ್ತು. 2016ರಲ್ಲಿ ಎರಡು, 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ಕೊಟ್ಟರೂ ಹೆರಿಗೆಗಳು ಚೇತರಿಸಿಕೊಳ್ಳಲಿಲ್ಲ. ಇರಾನ್‌ನಲ್ಲಿ ಮಕ್ಕಳ ಸಂಖ್ಯೆಗೆ ಅಂಥ ಮಿತಿಯಿಲ್ಲದೆಯೇ, 1980ರ ದಶಕದಲ್ಲಿ 6ಕ್ಕಿಂತ ಮೇಲಿದ್ದ ದರ 2000ದ ಹೊತ್ತಿಗೆ 2ರ ಆಸುಪಾಸಿಗೆ ಬಂತು. ಹಳ್ಳಿಯ ಆರೋಗ್ಯ ಕೇಂದ್ರಗಳು ಮತ್ತು ಹುಡುಗಿಯರ ಓದು ಅದರ ಹಿಂದಿದ್ದವು. ಬಲವಂತ ಎರಡೂ ದಿಕ್ಕಿನಲ್ಲಿ ಕೆಡಿಸುತ್ತದೆ. 1966ರಲ್ಲಿ ರುಮೇನಿಯಾ ಗರ್ಭಪಾತವನ್ನು ಬಹುಪಾಲು ನಿಷೇಧಿಸಿದಾಗ ಮರುವರ್ಷ ಹೆರಿಗೆಗಳು ಹೆಚ್ಚುಕಡಿಮೆ ದುಪ್ಪಟ್ಟಾದವು, ಕೆಲವೇ ವರ್ಷಗಳಲ್ಲಿ ಮತ್ತೆ ಇಳಿದವು. ಕಳ್ಳ ಗರ್ಭಪಾತದಿಂದ ಹೆಂಗಸರು ಸಾಯುವುದು ಮಾತ್ರ 1989ರವರೆಗೂ ನಿಲ್ಲಲಿಲ್ಲ. ಇಂಥ ಅನುಭವಗಳ ನಂತರವೇ 1994ರಲ್ಲಿ ಕೈರೋದಲ್ಲಿ ನಡೆದ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನದಲ್ಲಿ 179 ದೇಶಗಳು ತಲೆಸಂಖ್ಯೆಯ ಗುರಿಯನ್ನು ಬದಿಗಿಟ್ಟು ವ್ಯಕ್ತಿಯ ಹಕ್ಕನ್ನು ಮುಂದಿಟ್ಟವು.

ಸಮೀಕ್ಷೆ_ಪುಟ:
ವರದಿಯಲ್ಲಿ ಪೂರೈಸದ ಅಗತ್ಯದ ಅಂಕಿಯೊಂದನ್ನೇ ನೋಡಬೇಡಿ. ಚಿಕ್ಕ ಸಂಸಾರ ಬೇಕು ಅನ್ನುವವರು ಸೇವೆಗಿಂತ ಬೇಗ ಹೆಚ್ಚಿದರೆ ಅದು ಮೊದಲು ಏರುತ್ತದೆ, ಅದು ಸೋಲಲ್ಲ. ಬೇಕಾದವರಲ್ಲಿ ಎಷ್ಟು ಪಾಲಿಗೆ ಆಧುನಿಕ ವಿಧಾನ ಸಿಕ್ಕಿದೆ ಅನ್ನುವುದನ್ನು ನೋಡಿ. ಜಗತ್ತಿನ ಮಟ್ಟದಲ್ಲಿ ಅದು 2015ರಿಂದ ಸುಮಾರು ಶೇ. 77ರಲ್ಲೇ ನಿಂತಿದೆ. ಆಮೇಲೆ ವಿಧಾನಗಳ ಪಟ್ಟಿ. ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ವಿಧಾನದಲ್ಲಿದ್ದರೆ ಆಯ್ಕೆ ಮಾಡಿದವರು ಯಾರು ಅಂತ ಕೇಳಬೇಕು. ಇಂಪ್ಲಾಂಟ್ ಹೆಚ್ಚಿರುವ ಕಡೆ, ಹಾಕಲು ಕಲಿತವರೆಷ್ಟು, ತೆಗೆಯಲು ಕಲಿತವರೆಷ್ಟು ಅಂತ ಹುಡುಕಿ. ಹಾಕುವುದು ಕೆಲವೇ ನಿಮಿಷದ ಕೆಲಸ. ಆಳಕ್ಕೆ ಹೋದ ಕಡ್ಡಿ ತೆಗೆಯಲು ಪಳಗಿದ ಕೈಯೇ ಬೇಕು. ತೆಗೆಯಲು ಕಲಿತವರ ಸಂಖ್ಯೆ ವರದಿಯಲ್ಲೇ ಇಲ್ಲದಿದ್ದರೆ, ‘ಬೇಡ’ ಅಂದ ಹೆಣ್ಣು ಯಾವ ಊರಿಗೆ ಹೋಗಬೇಕು ಅನ್ನುವುದನ್ನು ಬರೆದವರು ಯೋಚಿಸಿಲ್ಲ.